ಮದುವೆಗೊಂದು ಸಾವಿನ ರಾಗ

...ಇಲ್ಲ, ಪಾದ್ರಿ ಪಿಯಾನೋ ನಿಲ್ಲಿಸಿದ್ದು ಎರಡನೆಯ ಸಾಲಿನಲ್ಲೇ ಇರಬೇಕು. ಮೊದಲ ಸಾಲಿನಲ್ಲೇ ಎಂದು ನಿಶಾ ವಾದಿಸುತ್ತಾಳೆ. ಅವಳ ಅಮ್ಮ ಸುಗುಣಾ ಆಂಟಿಯನ್ನು ಕೇಳಿ ನೋಡಿ: "ನಿಲ್ಲಿಸಲೇ ಇಲ್ಲ ಮಾರಾಯ್ತಿ, ಅವರಿಗೆ ಕೆಮ್ಮು ಬಂದದ್ದು."

ನಡೆದು ಇನ್ನೂ ಒಂದು ಬೇಸಿಗೆ ಕಳೆದಿಲ್ಲ. ಅಷ್ಟರಲ್ಲೇ ಒಂದು ಕೋಣೆಯಲ್ಲಿದ್ದವರ ಬಳಿ ಮೂರು ಬೇರೆ ಬೇರೆ ಕಥೆಗಳು. (ನನ್ನದೂ ಒಂದು ಕಥೆಯೇ. ನಂಬುವುದು ನಿಮಗೆ ಬಿಟ್ಟದ್ದು.) ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದಾಗುತ್ತೇವೆ. ಮದುಮಗನ ಮುಖ ಬಿಳುಚಿಕೊಂಡಿತು.

ಬಿಳಿಯ ಹುಡುಗ ಇನ್ನೆಷ್ಟು ಬಿಳುಚಲು ಸಾಧ್ಯ ಎನ್ನುತ್ತೀರಾ? ಸಾಧ್ಯವಿದೆ. ನೋಡಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಿಶಾ ಉಡುಪಿಯವಳು. ಪ್ರೊಟೆಸ್ಟೆಂಟ್ ಕುಟುಂಬ, ಮನೆಮಾತು ಕನ್ನಡ. ಈಗ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದಾಳೆ. ಮದುಮಗ ಯೋನಾಸ್ ಅವಳ ಸಹೋದ್ಯೋಗಿ, ಇಲ್ಲಿಂದ ಸ್ವಲ್ಪ ದೂರದ ಹಳ್ಳಿಯವನು. ಮದುವೆ ಅವನ ಹಳ್ಳಿಯ ಚರ್ಚಿನಲ್ಲಿ. ಅದಕ್ಕೆ ಮೊದಲು ಪಾದ್ರಿಯ ಜೊತೆ ಕುಳಿತು ಮಾತಾಡಬೇಕು, ಅದು ಇಲ್ಲಿನ ಪದ್ಧತಿ. ಉಡುಪಿಯಿಂದ ಬಂದಿಳಿದಿದ್ದ ಸುಗುಣಾ ಆಂಟಿ ಅದಕ್ಕೆ ನನ್ನನ್ನೂ ಎಳೆದುಕೊಂಡು ಹೋದರು.

"ನಿಶಾಗೆ ಜರ್ಮನ್ ಬರ್ತದಲ್ಲ ಆಂಟಿ, ನಾನ್ಯಾಕೆ?"

"ಅವಳು ಅವಳಿಗೆ ಬೇಕಾದ್ದನ್ನು ಮಾತ್ರ ನನಗೆ ಹೇಳ್ತಾಳೆ. ನೀನು ಬಾ."

ಪಾದ್ರಿ ಒಬ್ಬ ಹೆಂಗಸು. ಸೈಕಲ್ಲಿನಲ್ಲಿ ಬಂದರು, ಹೆಲ್ಮೆಟ್ ತೆಗೆದರು, ನಮಗೆಲ್ಲ ಚಹಾ ಮಾಡಿದರು. ಪಾದ್ರಿ ಯಾವಾಗ ಬರುತ್ತಾರೆಂದು ಆಂಟಿ ನನ್ನ ಕಿವಿಯಲ್ಲಿ ಕೇಳಿದರು. ನಿಮಗೆ ಚಹಾ ಕೊಟ್ಟರಲ್ಲ, ಅವರೇ ಎಂದೆ. ಆಂಟಿ ತಕ್ಷಣ ಕಾಲ ಮೇಲಿನ ಕಾಲು ಇಳಿಸಿದರು.

ಮೊದಲು ಸ್ಟಾಂಡೆಸಾಮ್ಟ್ ಎಂಬ ಸರಕಾರಿ ಕಚೇರಿಯಲ್ಲಿ ಮದುವೆ ರಿಜಿಸ್ಟರ್ ಆಗಲೇಬೇಕು, ಚರ್ಚಿನದು ಆಮೇಲೆ. ಸರಿ. ಚರ್ಚಿನ ಬಾಗಿಲಲ್ಲಿ ಅಕ್ಕಿ ಎರಚುವ ಹಾಗಿಲ್ಲ, ಜನ ಜಾರಿ ಬೀಳುತ್ತಾರೆ, ಪಾರಿವಾಳಗಳು ಬರುತ್ತವೆ. ಅದೂ ಸರಿ. ಒಟ್ಟು ಅರವತ್ತು ಜನ.

"ಅರವತ್ತಾ? ನಮ್ಮಲ್ಲಿ ಬಡಿಸಲಿಕ್ಕೇ ಅಷ್ಟು ಜನ ಬೇಕು," ಎಂದರು ಆಂಟಿ. ಇದನ್ನು ನಾನು ಜರ್ಮನ್‌ಗೆ ಅನುವಾದ ಮಾಡಲಿಲ್ಲ.

ಹೀಗೆ ಆಂಟಿ ಒಂದೊಂದೇ ಬಿಟ್ಟುಕೊಡುತ್ತಾ ಬಂದರು. ಹೂವಿನ ಹುಡುಗಿಯರು, ಬ್ಯಾಂಡ್, ಊರಿನ ಬಿರಿಯಾನಿ, ಎಲ್ಲವೂ ಹೋಯಿತು. ಆಗ ಪಾದ್ರಿ ನಗುತ್ತಾ, "ನಿಮ್ಮ ಸಂಸ್ಕೃತಿಯಿಂದ ಏನಾದರೂ ಸೇರಿಸೋಣವಾ?" ಎಂದರು.

ಈ ಪ್ರಶ್ನೆ ನಿಮಗೂ ಪರಿಚಿತವಲ್ಲವೇ? ಆಫೀಸಿನ ಕ್ರಿಸ್‌ಮಸ್ ಪಾರ್ಟಿಯಲ್ಲಿ, ಮಕ್ಕಳ ಶಾಲೆಯ ಬೇಸಿಗೆ ಹಬ್ಬದಲ್ಲಿ. ಕೇಳುವವರ ಕಣ್ಣಿನಲ್ಲಿ ಆಗಲೇ ಡೋಲು, ಬಣ್ಣದ ಪುಡಿ, ಕುಣಿತ ಎಲ್ಲ ಬಂದಿರುತ್ತದೆ. ನಾವೂ ಪಾಪ, ಅವರಿಗೆ ನಿರಾಸೆಯಾಗಬಾರದೆಂದು ಕುಣಿದುಬಿಡುತ್ತೇವೆ.

ಆಂಟಿ ಕುಣಿಯುವವರಲ್ಲ. ಅವರಿಗೆ ಬೇಕಿದ್ದದ್ದು ಒಂದೇ ಒಂದು ಹಾಡು. ಉಡುಪಿಯಲ್ಲಿ ಅವರ ಚರ್ಚಿನ ಸಭೆಯ ಪ್ರತಿ ಮದುವೆಯಲ್ಲೂ ಹಾಡುವ ಕನ್ನಡ ಗೀತೆ. ಅವರ ಅಮ್ಮನ ಮದುವೆಯಲ್ಲಿ ಹಾಡಿದ್ದು, ಅವರ ಮದುವೆಯಲ್ಲಿ ಹಾಡಿದ್ದು. "ಇದಿಲ್ಲದಿದ್ದರೆ ನನಗೆ ಮಗಳ ಮದುವೆ ಆದ ಹಾಗೇ ಆಗುವುದಿಲ್ಲ, ಅಷ್ಟು ಹೇಳು ಅವರಿಗೆ."

ಹೇಳಿದೆ. ಆಂಟಿ ಹಾಡಿದರು. ನಾನೂ ದನಿಗೂಡಿಸಿದೆ, ಉಡುಪಿಯ ಆ ಚರ್ಚಿನ ಬೇಲಿಯಾಚೆಯ ಮನೆಯಲ್ಲಿ ಬೆಳೆದವಳು, ರಾಗ ಗೊತ್ತಿತ್ತು. (ನಾನು ಬರೀ ತುಟಿ ಆಡಿಸಿದೆ ಎನ್ನುತ್ತಾಳೆ ನಿಶಾ.) ಪಾದ್ರಿ ಖುಷಿಯಿಂದ ಪಿಯಾನೋದತ್ತ ಹೋಗಿ ಜೊತೆಗೆ ನುಡಿಸತೊಡಗಿದರು. ಇದೇನು, ಕೇಳಿದ ತಕ್ಷಣ ಬಂತಲ್ಲ ಎಂದು ನಾವು ಬೆರಗಾಗುವಷ್ಟರಲ್ಲಿ ಬೆರಳು ನಿಂತವು.

"ಇದು ನಮ್ಮದು," ಎಂದರು ಪಾದ್ರಿ. "ಆದರೆ ಇದನ್ನು ನಾವು ಶವಸಂಸ್ಕಾರದಲ್ಲಿ ಹಾಡುತ್ತೇವೆ."

"ಅಜ್ಜನಿಗೆ ಹಾಡಿದ್ದು," ಎಂದ ಯೋನಾಸ್. ಹೋದ ಚಳಿಗಾಲದಲ್ಲಿ, ಇದೇ ಚರ್ಚಿನಲ್ಲಿ, ಇದೇ ಪಾದ್ರಿ.

ಆಂಟಿ ನನ್ನ ಮೊಣಕೈ ಹಿಡಿದರು. "ಎಂತ ಹೇಳಿದ್ದು?"

"ತುಂಬ ಹಳೇ ರಾಗವಂತೆ ಆಂಟಿ."

"ಹಳೇ ರಾಗಕ್ಕೆ ಅವನ್ಯಾಕೆ ಹಾಗೆ ಮುಖ ಮಾಡಿದ?"

ಹೇಳಲೇಬೇಕಾಯಿತು. ಆಂಟಿ ಪಾದ್ರಿಯತ್ತ ತಿರುಗಿ, ನೇರ ಕನ್ನಡದಲ್ಲೇ ಕೇಳಿದರು: "ಇದನ್ನು ನಮಗೆ ಕಲಿಸಿದ್ದು ನಿಮ್ಮವರೇ ಅಲ್ವಾ? ಸಾವಿನ ಹಾಡು ಅಂತ ಒಂದು ಮಾತು ಹೇಳಿ ಹೋಗಬಾರದಿತ್ತಾ?"

ಆಗಿದ್ದೇನಿರಬಹುದು? ಯಾವುದೋ ಕಾಲದಲ್ಲಿ ಜರ್ಮನಿಯಿಂದ ಬಂದ ಪಾದ್ರಿಯೊಬ್ಬ ಈ ರಾಗ ತಂದ. ಅದಕ್ಕೆ ಕನ್ನಡದಲ್ಲಿ ಹೊಸ ಮನೆ, ಹೊಸ ದೀಪ ಎಂದು ಮಾತು ಕೂಡಿಸಿದ. ಮದುವೆಗೆ ಬೇರೆ ರಾಗ ಸಿಗಲಿಲ್ಲವೋ, ಅಥವಾ ಅವನ ಕಾಲಕ್ಕೆ ಇಲ್ಲೂ ಅದು ಮದುವೆಯದೇ ಆಗಿತ್ತೋ. ಒಂದು ಊರಿನಲ್ಲಿ ಅಳಿಸಿದ್ದು ಇನ್ನೊಂದು ಊರಿನಲ್ಲಿ ನಗಿಸುತ್ತದೆ, ಇದೇ ಸಂಪ್ರದಾಯ. (ಈ ವಾಕ್ಯ ತೀರಾ ಚೆನ್ನಾಗಿ ಬಂದಿದೆ. ಆದ್ದರಿಂದ ನಂಬಬೇಡಿ.)

ಮದುವೆಯಲ್ಲಿ ಮೊದಲ ಸಾಲಿನಲ್ಲಿ ಕೂರಬೇಕಾದವರು ಯೋನಾಸನ ಅಜ್ಜಿ. ಎಲ್ಲರೂ ಅವರನ್ನು ಓಮಾ ಎನ್ನುತ್ತಾರೆ. ಗಂಡನ ಶವಪೆಟ್ಟಿಗೆಯ ಹಿಂದೆ ನಡೆಯುತ್ತಾ ಕೇಳಿದ ರಾಗವನ್ನೇ ಮೊಮ್ಮಗನ ಮದುವೆಯಲ್ಲೂ ಕೇಳಿಸುವುದೇ?

"ಬೇಡ," ಎಂದರು ಆಂಟಿ. "ಅಷ್ಟು ವಯಸ್ಸಾದವರಿಗೆ ನೋವು ಮಾಡಿ ನನಗೆಂತ ಹಾಡು?"

"ಅಮ್ಮ, ನೀನು ಕೇಳಿದ್ದು ಅದೊಂದೇ!" ನಿಶಾಳ ದನಿ ಏರಿತು.

"ಓಮಾಳನ್ನೇ ಕೇಳೋಣ," ಎಂದ ಯೋನಾಸ್. ಫೋನಿನಲ್ಲಿ ಕೇಳುವ ಮಾತಲ್ಲ ಇದು ಎಂದು ಆಂಟಿ ಚಕ್ಕುಲಿ ಕರಿದು ಡಬ್ಬಿಗೆ ತುಂಬಿದರು. ಭಾನುವಾರ ಎಲ್ಲರೂ ಓಮಾಳ ಮನೆಗೆ ಹೋದೆವು.

ಓಮಾ ಸೇಬಿನ ಕೇಕ್ ಮಾಡಿದ್ದರು. ವಿಷಯವನ್ನು ಯೋನಾಸ್ ಹೇಳಿದ. ಅವರು ತಟ್ಟೆಯಿಂದ ತಲೆ ಎತ್ತದೆ, "ಹಾಡಲಿ, ಕೇಳುತ್ತೇನೆ" ಎಂದರು.

ಆಂಟಿ ಹಾಡಿದರು. ಊರಿನಲ್ಲಿ ಹಾಡುವ ಹಾಗೆಯೇ, ಚುರುಕಾಗಿ. (ಅಲ್ಲಿ ಹೊರಗೆ ಊಟದ ಎಲೆ ಹಾಕಿರುತ್ತಾರೆ. ನಿಧಾನ ಹಾಡಿದರೆ ಯಾರು ಕೇಳುತ್ತಾರೆ?)

ಹಾಡು ಮುಗಿಯಿತು. ಯಾರೂ ಕೇಕ್ ಮುಟ್ಟಲಿಲ್ಲ.

"ಇಷ್ಟು ಬೇಗನಾ?" ಎಂದರು ಓಮಾ. "ಈ ಸ್ಪೀಡಿನಲ್ಲಿ ನನ್ನ ವಾಲ್ಟರ್‌ನನ್ನು ಹೊತ್ತಿದ್ದರೆ ಹೊತ್ತವರು ಗುಂಡಿಗೆ ಬೀಳುತ್ತಿದ್ದರು." ಆಮೇಲೆ ಒಂದು ಚಕ್ಕುಲಿ ಮುರಿದು, "ಅವನಿಗೇನೋ ಇಷ್ಟವಾಗುತ್ತಿತ್ತು. ಜೀವನವಿಡೀ ಕಾರು ಓಡಿಸಿದ್ದೇ ಹಾಗೆ" ಎಂದರು.

ನಕ್ಕೆವು. ಆದರೆ ಓಮಾ ಮಾತು ಮುಗಿಸಿರಲಿಲ್ಲ. "ಹಾಡಿ. ನಾನು ಮಾತ್ರ ಪಕ್ಕದ ಬಾಗಿಲ ಹತ್ತಿರ ಕೂರುತ್ತೇನೆ. ಆಗಲಿಲ್ಲವೆಂದರೆ ಎದ್ದು ಹೋಗುತ್ತೇನೆ. ಯಾರೂ ಹಿಂದೆ ಬರಬಾರದು."

ಆಂಟಿಗೆ ಅಷ್ಟನ್ನೂ ಅನುವಾದಿಸಿದೆ. ಈ ಸಲ ಒಂದಕ್ಷರ ಬಿಡಲಿಲ್ಲ.

ಮುಂದಿನ ವಾರಗಳಲ್ಲಿ ಹಾಡುವವರನ್ನು ಹುಡುಕುವ ಕೆಲಸ. ಉಡುಪಿ ಕಡೆಯ ಇಬ್ಬರು ಹುಡುಗಿಯರು, ಮತ್ತೆ ನಿಶಾಳ ಆಫೀಸಿನ ಮೂವರು ಕನ್ನಡದ ಹುಡುಗರು. ಆ ಮೂವರು ಮೊದಲ ಸಲ ಚರ್ಚಿನ ಹಾಡು ಹಾಡುವವರು. ನಮ್ಮ ಹಾಲ್‌ನಲ್ಲಿ ರಿಹರ್ಸಲ್.

"ಗುರು, ಇದು ಭಜನೆ ಥರಾನೇ ಇದೆಯಲ್ಲೋ."

"ಮಗಾ, ಭಜನೇಲಿ ನಿನ್ನ ಅಪಶ್ರುತಿ ತಾಳದಲ್ಲಿ ಮುಚ್ಚಿಹೋಗುತ್ತೆ. ಇಲ್ಲಿ ತಾಳ ಇಲ್ಲ, ಹುಷಾರು."

ಆಂಟಿ ಅವರನ್ನು ಬೈದರು, ದೋಸೆ ಹಾಕಿಕೊಟ್ಟರು, ಮತ್ತೆ ಬೈದರು. ನಡುನಡುವೆ ನನ್ನ ಬಳಿ ಬಂದು ಅದೇ ಪ್ರಶ್ನೆ: "ಅವರು ಎದ್ದು ಹೋದರೆ? ಮಗಳ ಮದುವೆಯ ದಿನ ಅವಳ ಗಂಡನ ಅಜ್ಜಿ ಅಳುತ್ತಾ ಹೊರಗೆ ಹೋದರೆ? ಅದು ನನ್ನ ಹಟದಿಂದ ಆದದ್ದು ಅಂತಲ್ವಾ ಆಗುವುದು?"

ಮದುವೆಯ ದಿನ ಬಿಸಿಲಿತ್ತು. (ಫೋಟೋಗಳಲ್ಲಿ ಮೋಡ ಕಾಣುತ್ತದೆ. ಇರಲಿ.) ಪ್ರತಿಜ್ಞೆ ಆಯಿತು, ಉಂಗುರ ಆಯಿತು. ನಮ್ಮ ಹಾಡು ಶುರುವಾಯಿತು. ಆಂಟಿ ನಮ್ಮ ಮುಂದೆ ನಿಂತು ಹಾಡುತ್ತಿದ್ದರು, ಕಣ್ಣು ಮಾತ್ರ ಮಗಳ ಮೇಲಿರಲಿಲ್ಲ. ಪಕ್ಕದ ಬಾಗಿಲಿನತ್ತ ಇತ್ತು.

ಮೊದಲ ಚರಣ ಮುಗಿಯುತ್ತಿದ್ದಂತೆ ಓಮಾ ಎದ್ದರು.

ಆಂಟಿ ಅಲ್ಲೇ ಹಾಡು ನಿಲ್ಲಿಸಿದರು. ಹುಡುಗರು ಹೇಗೋ ಅದನ್ನು ಮುಂದಕ್ಕೆ ಎಳೆದುಕೊಂಡು ಹೋದರು. ಓಮಾ ಬಾಗಿಲಿಗೆ ಹೋಗಲಿಲ್ಲ. ಮುಂದಿನ ಬೆಂಚಿನ ಬೆನ್ನು ಹಿಡಿದು ನಿಂತು ಹಾಡತೊಡಗಿದರು. ಜರ್ಮನ್‌ನಲ್ಲಿ. ಗಂಡನ ಶವಸಂಸ್ಕಾರದ ದಿನದ ಅದೇ ಮಾತುಗಳು. ಅವರನ್ನು ನೋಡಿ ಹಿಂದಿನ ಬೆಂಚುಗಳಿಂದ ಒಬ್ಬೊಬ್ಬರೇ ಎದ್ದರು. ನಮ್ಮದು ಮದುವೆಯ ಹಾಡು, ಅವರದು ಸಾವಿನ ಹಾಡು, ರಾಗ ಒಂದೇ. ನಮ್ಮ ಸ್ಪೀಡಿಗೆ ಅವರು ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದರು. ಯೋನಾಸನಿಗೆ ನಗು ತಡೆಯಲಾಗಲಿಲ್ಲ. ನಿಶಾಳಿಗೆ ಅಳು.

ಕನ್ನಡದಲ್ಲಿ ಆ ಹಾಡಿಗೆ ಮೂರೇ ಚರಣ. ಮುಗಿಸಿದೆವು. ಆರ್ಗನ್ ನಿಂತಿತು. ಉಳಿದ ಜರ್ಮನ್ನರೂ ನಿಲ್ಲಿಸಿದರು. ಆದರೆ ಜರ್ಮನ್‌ನಲ್ಲಿ ಇನ್ನೊಂದು ಚರಣ ಇದೆ. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಓಮಾ ನಿಲ್ಲಿಸಲಿಲ್ಲ. ಒಬ್ಬರೇ, ಈಗ ತಮ್ಮದೇ ನಿಧಾನದಲ್ಲಿ, ಯಾರ ಅವಸರಕ್ಕೂ ಸಿಗದೆ ಹಾಡುತ್ತಾ ಹೋದರು.

ಆಂಟಿ ನಮ್ಮ ಸಾಲು ಬಿಟ್ಟು ಅವರತ್ತ ನಡೆದರು. ಮಾತು ಬಾರದು, ರಾಗ ಬರುತ್ತದೆ. ಬಾಯಿ ಮುಚ್ಚಿಕೊಂಡು ಆ ರಾಗವನ್ನು ಓಮಾಳ ದನಿಯ ಕೆಳಗೆ ಹಿಡಿದುಕೊಟ್ಟರು, ಕೊನೆಯ ಸಾಲಿನ ತನಕ.

ಆಮೇಲೆ ಊಟ, ಫೋಟೋ, ಕೇಕ್, ಹುಡುಗರ ಕುಣಿತ. (ಕುಣಿದೇಬಿಟ್ಟರು.) ಓಮಾ ಎಲ್ಲರಿಗಿಂತ ಹೆಚ್ಚು ನಕ್ಕರು, ಆಂಟಿಯ ಪಕ್ಕ ಬಿಟ್ಟು ಏಳಲಿಲ್ಲ.

ಆ ಕೊನೆಯ ಚರಣವನ್ನು ಅವರು ಹಾಡಿದ್ದು ಯಾರಿಗೆ, ಎದುರಿಗಿದ್ದ ಮೊಮ್ಮಗನಿಗೋ, ಇಲ್ಲದ ವಾಲ್ಟರ್‌ಗೋ? ಕೇಳಬಹುದಿತ್ತು, ಕೇಳಲಿಲ್ಲ; ಗೊತ್ತಿಲ್ಲ.