ಮಗ್ಗಕ್ಕೆ ಕೂರಿಸಿದವರು

ಅಣ್ಣನ ಲಿವರಿನ ಕ್ಯಾನ್ಸರ್ ಗಡ್ಡೆಗೆ ಎಕ್ಸ್-ರೇ ವಿಭಾಗದ ಡಾಕ್ಟರು ಚಿಕಿತ್ಸೆ ಕೊಡುತ್ತಾರೆ ಎಂದಾಗ ನಾನು ದಂಗಾದೆ. ಫೋಟೊ ತೆಗೆದು ಕವರಿನಲ್ಲಿ ಹಾಕಿಕೊಡುವವರು ಎಂದಷ್ಟೇ ಅವರ ಬಗ್ಗೆ ನನಗೆ ಗೊತ್ತಿದ್ದದ್ದು. ಹೈದರಾಬಾದಿನಲ್ಲಿ ಆ ಡಾಕ್ಟರಮ್ಮ ಅಣ್ಣನ ತೊಡೆಸಂದಿಗೆ ಸೂಜಿ ಚುಚ್ಚಿ, ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಪರದೆ ನೋಡುತ್ತಲೇ ಗಡ್ಡೆಯವರೆಗೆ ಹೋಗಿ ಔಷಧಿ ಬಿಟ್ಟರು. ಗಡ್ಡೆಗೆ ರಕ್ತ ಹೋಗುವ ದಾರಿಯನ್ನೂ ಮುಚ್ಚಿದರು. ಪಕ್ಕದ ಹಾಸಿಗೆಯ ಗದ್ವಾಲದ ಮುದುಕಿಗೂ ಇದೇ ಚಿಕಿತ್ಸೆ. ಇಂಥ ರೋಗಿಗಳು ಅವರ ಹತ್ತಿರ ಈಗ ದಿನಾ ಬರುತ್ತಾರಂತೆ. ಅಣ್ಣನಿಗೆ ಕೊಯ್ದಿಲ್ಲ, ಹೊಲಿದಿಲ್ಲ, ಒಂದು ಪಟ್ಟಿ ಅಂಟಿಸಿದ್ದರು. ಒಂದು ವಾರ ಕಾಲಿಗೆ ಕೆಲಸ ಕೊಡಬೇಡಿ ಎಂದು ಎರಡು ಸಲ ಹೇಳಿ ಕಳಿಸಿದರು.

ಅಣ್ಣನನ್ನು ನೋಡಿಕೊಳ್ಳಲು ಮಕ್ತಲಿನಿಂದ ನಾನು ನಾರಾಯಣಪೇಟೆಯ ತವರಿಗೆ ಬಂದಿದ್ದೆ. ಚಿಕಿತ್ಸೆಯಾದ ಮೂರನೆಯ ದಿನವೂ ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅವನು ನೇಯುತ್ತಿದ್ದ ಸೀರೆ ಕುಣಿ ಮಗ್ಗದ ಮೇಲೆ ಅರ್ಧಕ್ಕೇ ನಿಂತಿತ್ತು. ಹಾಗೆ ಬಿಟ್ಟರೆ ಮನೆಗೆ ಕೇಡು ಎಂಬುದು ನಮ್ಮ ಮನೆಯ ನಂಬಿಕೆ. ನನಗೆ ತಡೆಯಲಾಗಲಿಲ್ಲ.

"ಏಳಣ್ಣ, ನಾಕು ಎಳಿ ನೇಯಿ. ಮನಸಿಗೂ ಹಗುರಾಗ್ತೈತಿ."

"ಡಾಕ್ಟರಮ್ಮ ಬ್ಯಾಡ ಅಂದಾರಲ್ಲವ್ವ."

"ಕೊಯ್ದಿಲ್ಲ, ಏನಿಲ್ಲ. ಸೂಜಿ ಚುಚ್ಯಾರ, ಅಷ್ಟ. ಮಗ್ಗದ ಸುದ್ದಿ ಆಕಿಗೇನು ಗೊತ್ತೈತಿ?"

ಅವನು ಎದ್ದು ಹೋಗಿ ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ. ಮಗ್ಗದ ಸದ್ದು ಕೇಳುತ್ತ ಚಹಾಕ್ಕೆ ಇಟ್ಟೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಸದ್ದು ನಿಂತಿತು.

"ತಂಗೀ, ಕಾಲಾಗ ಬಿಸಿ ಹರದಂಗ ಆಗಾಕ ಹತ್ತೈತಿ."

ಓಡಿ ಹೋಗಿ ನೋಡಿದರೆ ಧೋತರವೆಲ್ಲ ಕೆಂಪು. ಕಾಲಿನಿಂದ ಮಗ್ಗದ ತುಳಿಮಣೆ ಒತ್ತಿ ಒತ್ತಿ, ತೊಡೆಸಂದಿಯ ಸೂಜಿಯ ತೂತು ಬಿಚ್ಚಿಕೊಂಡಿತ್ತು. ಇಷ್ಟು ಸಣ್ಣ ತೂತಿನಿಂದ ಇಷ್ಟು ರಕ್ತವೇ! ಅವನನ್ನು ಎಳೆದು ಮಲಗಿಸಿ ಎರಡೂ ಅಂಗೈಯಿಂದ ಅದುಮಿದೆ. ಪಕ್ಕದ ಮನೆಯವರ ಕಾರಿನಲ್ಲಿ ರಾಯಚೂರು ಮುಟ್ಟುವವರೆಗೆ ಕೈ ತೆಗೆಯಲಿಲ್ಲ. ದಾರಿಯುದ್ದಕ್ಕೂ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಕೊಂದೆನಲ್ಲ ಎಂಬುದೊಂದೇ ತಲೆಯಲ್ಲಿ.

ರಕ್ತ ನಿಂತ ಮೇಲೆ ಅಲ್ಲಿಯ ಡಾಕ್ಟರು ಸಿಟ್ಟಾದರು. "ಇವರ್ನ ಮಗ್ಗಕ್ಕ ಕುಂದ್ರಿಸಿದವರು ಯಾರ್ರೀ?"

ನಾನು ಅಂಗೈಗೆ ಹತ್ತಿದ ರಕ್ತವನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದೆ.

"ಯಾರೂ ಅಲ್ರೀ," ಎಂದ ಅಣ್ಣ. "ತಂಗಿ ಬ್ಯಾಡಂದ್ರೂ ನಾನ ಹೋಗಿ ಕುಂತೆ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಒತ್ತಿ ಹಿಡಿದಿದ್ದಕ್ಕ ಉಳದಾರ ನೋಡ್ರಿ."

"ಹೌದ್ರೀ," ಎಂದ ಅಣ್ಣ.