ಹೊಟ್ಟೆಗೆ ಆನಿಸಿದ ಸಿವುಡು

ಆ ದಕ್ಷಿಣದ ನಾಡಿನಲ್ಲಿ ಬೇಸಿಗೆಯ ಸುಗ್ಗಿ ತರುವ ಜನವರಿಯ ಒಂದು ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಚಿಯ್ಯಾನ್ ಊರಿನ ರೈಲು ಕಣಿವೆಯಲ್ಲಿ ಕೂಗುವ ಹೊತ್ತಿಗೆ, ಒನೋಫ್ರೆ ಕೊಯ್ದ ಗೋಧಿ ಪೈರಿನ ಸಿವುಡೊಂದನ್ನು ಹೊಟ್ಟೆಗೆ ಆನಿಸಿಕೊಂಡು ಕಟ್ಟುತ್ತಿದ್ದ. ಅಂಗಿಯ ಗುಂಡಿ ಬಿಚ್ಚಿತ್ತು. ಕಟ್ಟಿದ ಪ್ರತಿ ಸಿವುಡಿಗೂ ಅಂಕಿ ಕೂಗುವುದು ಅವನಪ್ಪನಿಂದ ಬಂದ ರೂಢಿ.

"ಮೂವತ್ತೇಳು! ಥೂ, ಹಾಳು ಮುಳ್ಳು!"

ಕೆಳಗೆ ಕೊಯ್ಯುತ್ತಿದ್ದ ಹೆಂಡತಿ ಸುನಿಲ್ದಾ ನಕ್ಕಳು. ಮೂವತ್ತೆಂಟು, ಮೂವತ್ತೊಂಬತ್ತೂ ಕೇಳಿಸಿದವು. ನಲವತ್ತು ಬರಲಿಲ್ಲ.

ಅವಳು ಹತ್ತಿ ಬಂದಾಗ ಒನೋಫ್ರೆ ಮುದುಡಿ ಬಿದ್ದಿದ್ದ. ಮೈಯೆಲ್ಲ ಬೆವರು, ಹೊಟ್ಟೆ ಹಲಗೆಯಂತೆ ಬಿಗಿದಿತ್ತು.

"ವೈನ್ ಮೇಲೆ ಕಲ್ಲಂಗಡಿ ತಿಂದ, ಕೊಮಾದ್ರೆ," ಎಂದ ಜೊತೆಗಾರ ರೊಸಾವ್ರೊ; ಆಪ್ತ ಹೆಂಗಸನ್ನು ಅಲ್ಲಿ ಕೊಮಾದ್ರೆ, ಗಂಡಸನ್ನು ಕೊಂಪಾದ್ರೆ ಎನ್ನುತ್ತಾರೆ. "ಬೇಡ ಕಣೋ ಅಂದೆ. ನಂದು ಕುದುರೆ ಹೊಟ್ಟೆ ಅಂದ. ನೋಡೀಗ!"

ಅವೆರಡೂ ಹೊಟ್ಟೆಯಲ್ಲಿ ಸೇರಿದರೆ ಕಲ್ಲಾಗುತ್ತದೆಂದು ಆ ಗುಡ್ಡದಲ್ಲಿ ಯಾರಿಗೆ ಗೊತ್ತಿಲ್ಲ? ಆಸ್ಪತ್ರೆಗೆ ಹೊತ್ತು ತಂದಾಗ ಒನೋಫ್ರೆಯೂ ಅದನ್ನೇ ಹೇಳಿ ನರಳಿದ: "ನಂದೇ ತಪ್ಪು, ಕಲ್ಲಂಗಡಿ..."

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದಳು. ಕರುಳು ಒಡೆದಿರಬಹುದೆಂದು ಶಸ್ತ್ರವೈದ್ಯನಿಗೆ ಹೇಳಿ ಕಳಿಸಿದಳು. ಸುನಿಲ್ದಾ ಗಂಡನ ಮಂಚಕ್ಕೆ ಅಡ್ಡ ನಿಂತಳು. ಅವಳ ಅಣ್ಣ ಅದೇ ಆಸ್ಪತ್ರೆಯ ಆಪರೇಷನ್ ಮೇಜಿನ ಮೇಲೆ ಮಲಗಿದವನು ಮತ್ತೆ ಎದ್ದಿರಲಿಲ್ಲ.

"ನೋವು ಶುರುವಾಗೋ ಮೊದಲು ಏನಾಯ್ತಮ್ಮ? ನೆನಪು ಮಾಡ್ಕೋ."

"ಏನಿಲ್ಲ ಡಾಕ್ಟ್ರಮ್ಮ, ಸಿವುಡು ಕಟ್ತಿದ್ದ. ಮೂವತ್ತೇಳು ಅಂದ, ಮುಳ್ಳಿಗೆ ಬೈದ..."

"ಮುಳ್ಳೆಲ್ಲಿ ಚುಚ್ಚಿತು?"

ಸುನಿಲ್ದಾ ಸಿವುಡು ಹಿಡಿದವಳಂತೆ ಎರಡೂ ಕೈಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಡಾಕ್ಟರಮ್ಮ ದೀಪ ಹತ್ತಿರ ಎಳೆದಳು. ಹೊಕ್ಕುಳ ಕೆಳಗೆ ಒಂದು ಕೆಂಪು ಚುಕ್ಕೆ, ಅದರ ಸುತ್ತ ಬೆವರ ಹನಿ.

"ಇದು ಮುಳ್ಳಲ್ಲ, ಗೋಧಿ ಜೇಡದ ಕಡಿತ, ವಿಷ ಏರಿದೆ. ಚಾಕು ಬೇಡ."

ಚುಚ್ಚುಮದ್ದು ಕೊಟ್ಟ ಮೇಲೆ ಅವಳು ಬಿಡಿಸಿ ಹೇಳಿದಳು: "ನರದ ತುದೀಲಿ ಸಣ್ಣ ಸಣ್ಣ ಚೀಲ ಇರ್ತವೆ, ಒಳಗೆ ಸುದ್ದಿ ಒಯ್ಯೋ ರಸ. ನರದಿಂದ ಅಪ್ಪಣೆ ಬಂದಾಗ ಕೆಲವು ಚೀಲ ಅಂಚಿಗೆ ಅಂಟಿ ಬಾಯಿ ಬಿಡ್ತವೆ, ಸ್ನಾಯು ಬಿಗಿಯುತ್ತೆ. ಈ ವಿಷ ಅಪ್ಪಣೆಯಿಲ್ಲದೇ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಸುರಿಸುತ್ತೆ. ಬರಿದಾದ ಮೇಲೆ ಬರೀ ನಿಶ್ಶಕ್ತಿ."

ನಿಶ್ಶಕ್ತಿ ಚಳಿಗಾಲದವರೆಗೂ ಉಳಿಯಿತು. ಬಟ್ಟಲು ಹಿಡಿದರೆ ಬೆರಳು ನಡುಗುತ್ತಿದ್ದವು.

ಮರುವರ್ಷ ಅವನು ಗುಡ್ಡಕ್ಕೆ ಬಂದ. ಸಿವುಡನ್ನು ಮೈಯಿಂದ ದೂರ ಹಿಡಿದು, ಕೊಡವಿ ಕೊಡವಿ ಕಟ್ಟಿದ. ಮೂವತ್ತಾರರ ಮೇಲೆ ಕೂಗು ನಿಂತಿತು. ಸುನಿಲ್ದಾ ತಲೆಯೆತ್ತಿದಳು. ಅವನು ಕಟ್ಟದ ಗೋಧಿಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದ.

"ಏನೋ ಕೊಂಪಾದ್ರೆ, ಲೆಕ್ಕ ಮರೆತ್ಯಾ?" ಎಂದ ರೊಸಾವ್ರೊ.

ಸುನಿಲ್ದಾ ಕುಡುಗೋಲು ಕೆಳಗಿಟ್ಟು ಮೇಲೆ ಹತ್ತಿದಳು, ಗಂಡನ ಕೈಯಿಂದ ಸಿವುಡು ತೆಗೆದುಕೊಂಡು ಕೊಡವಿದಳು, ತಾನೇ ಕಟ್ಟಿದಳು. ಆಮೇಲೆ ಗುಡ್ಡಕ್ಕೆಲ್ಲ ಕೇಳುವಂತೆ, ಒನೋಫ್ರೆ ಅಂದು ಕೂಗಿದ್ದನ್ನೇ ಕೂಗಿದಳು:

"ಮೂವತ್ತೇಳು!"