ಅಕ್ಕನ ಸಾಲಿನ ಗೀಟುಗಳು

ಅಕ್ಕನ ಎಡ ತೋರುಬೆರಳಿನ ಉಗುರಿನ ನಡುವೆ ಎಳ್ಳಿನಷ್ಟು ಕಪ್ಪು ಚುಕ್ಕೆ ಇತ್ತು. ಎಷ್ಟೋ ವರ್ಷದ ಹಿಂದೆ ಮೆಷಿನ್ನಿನ ಸೂಜಿ ಇಳಿದ ಗುರುತು. ಆ ಬೆರಳು ಕಾಲರಿನ ಅಂಚನ್ನು ಸವರಿಕೊಂಡು ಹೋಗುವುದನ್ನು ನೋಡಲು ಸತ್ಯಮಂಗಲದ ನಮ್ಮ ಗಾರ್ಮೆಂಟ್ಸಿನ ಹುಡುಗಿಯರು ನಿಂತುಬಿಡುತ್ತಿದ್ದರು. ಕಾಲರ್ ಹೊಲಿಯುತ್ತಿದ್ದ ಅವರನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಅಕ್ಕ ಎಂದು. ನಾನೂ ನೋಡುತ್ತಿದ್ದೆ, ಹೊಟ್ಟೆಕಿಚ್ಚಿನಿಂದ.

ಬೆಳಿಗ್ಗೆ ಇಬ್ಬರಿಗೂ ಒಂದೇ ರೈಲು. ನಿಟ್ಟೂರಿನಿಂದ ನಾನು ಅವರಿಗೆಂದು ಹಿಡಿದಿಟ್ಟು ತಂದ ಸೀಟನ್ನು ಗುಬ್ಬಿಯಲ್ಲಿ ಹತ್ತಿದ ಅಕ್ಕ ಯಾರಾದರೂ ವಯಸ್ಸಾದವರಿಗೆ ಕೊಟ್ಟು, ನಿಂತೇ ಬರುತ್ತಿದ್ದರು. ಸೀಟು ಹಿಡಿದವಳು ನಾನು, ಹರಸಿಸಿಕೊಳ್ಳುವವರು ಅವರು.

ಏನನ್ನಾದರೂ ಎಣಿಸಿ ಬರೆದಿಡುವುದು ನನ್ನ ಅಭ್ಯಾಸ. ಆ ವರ್ಷದ ಡೈರಿಯ ಕೊನೆಯ ಪುಟದಲ್ಲಿ ಎರಡು ಸಾಲು ಮಾಡಿದ್ದೆ. ಕೆಲಸದಲ್ಲಿ ಏನಾದರೂ ಕೇಳಲು ಅಕ್ಕನ ಹತ್ತಿರ ಹೋದವರಿಗೆ ಒಂದೊಂದು ಗೀಟು, ನನ್ನ ಹತ್ತಿರ ಬಂದವರಿಗೆ ಒಂದೊಂದು. ಮಾರ್ಚ್ ಮುಗಿಯುವಾಗ ಅವರದು ಎಂಬತ್ತಮೂರು, ನನ್ನದು ನಾಲ್ಕು. ಆ ನಾಲ್ಕರಲ್ಲೂ ಒಂದು, "ಅಕ್ಕ ಎಲ್ಲೇ?" ಅಂತ ಕೇಳಿದ್ದು.

ಶರ್ಟಿನ ಕತ್ತಿಗೆ ಹೊಲಿಯುವ ಅಳತೆಯ ಲೇಬಲ್ಲುಗಳನ್ನು ಕತ್ತರಿಸಿದ ಬಟ್ಟೆಯ ಬಂಡಲಿನ ಜೊತೆ ಅಕ್ಕನ ಮೇಜಿಗೆ ಇಡುವುದು ನನ್ನ ಕೆಲಸ. ಒಂದು ಬುಧವಾರ ಅವರಿಗೆ ಗೀಟು ಹಾಕುವ ಗಡಿಬಿಡಿಯಲ್ಲಿ ಮೂವತ್ತೆಂಟರ ಬಂಡಲಿಗೆ ನಲವತ್ತರ ಲೇಬಲ್ ಇಟ್ಟುಬಿಟ್ಟೆ. ಗೊತ್ತಾಗುವ ಹೊತ್ತಿಗೆ ಬಂಡಲ್ ಪೂರ್ತಿ ಹೊಲಿದಾಗಿತ್ತು.

"ಕಣ್ಣು ಎಲ್ಲಿಟ್ಕೊಂಡಿದ್ರಮ್ಮಾ?" ಸೂಪರ್‌ವೈಸರ್ ಅಕ್ಕನ ಮೇಲೆ ಕೂಗಾಡಿದರು.

"ತಪ್ಪು ನಂದಲ್ಲ ಸಾರ್."

"ಮತ್ಯಾರ್ದು?"

ಅಕ್ಕ ಮೇಲಿನ ಶರ್ಟಿನ ಲೇಬಲ್ ಬಿಚ್ಚತೊಡಗಿದರು. ನನ್ನ ಕಡೆ ತಿರುಗಲೂ ಇಲ್ಲ. ನಾನು ಲೇಬಲ್ಲಿನ ಡಬ್ಬಿಯನ್ನೇ ನೋಡುತ್ತಿದ್ದೆ.

ಅವರನ್ನು ದಾರ ಕತ್ತರಿಸುವ ಮೇಜಿಗೆ ಹಾಕಿದರು. ದಿನವಿಡೀ ನಿಂತು ಮಾಡುವ ಕೆಲಸ. ಕಿಟಕಿಯ ಪಕ್ಕದ ಅವರ ಕಾಲರ್ ಮೆಷಿನ್ ನನಗೆ ಬಂತು. ನಾನು ಬಯಸಿದ್ದೂ ಅದನ್ನೇ. ಮರುದಿನ ಅಕ್ಕ ಹತ್ತಿರ ಬಂದು, "ಪೆಡಲ್ ಮೆಲ್ಲಗೆ ತುಳಿ ಕಣೇ, ಅದಕ್ಕೆ ಸ್ವಲ್ಪ ಮುಂಗೋಪ" ಎಂದು ಹೇಳಿ ಹೋದರು. ಮೈಯೆಲ್ಲ ಉರಿಯಿತು. ಕುರ್ಚಿ ಸಿಕ್ಕಿತ್ತು, ಅವರ ಸಮಾಧಾನ ಸಿಕ್ಕಿರಲಿಲ್ಲ. ಹುಡುಗಿಯರು ನನ್ನನ್ನು ದಾಟಿಕೊಂಡು ದಾರದ ಮೇಜಿಗೇ ಹೋಗುತ್ತಿದ್ದರು. ಆ ವಾರ ಅವರ ಸಾಲಿಗೆ ಹನ್ನೊಂದು ಗೀಟು.

ಒಂಬತ್ತನೆಯ ದಿನ ಊಟದ ಹೊತ್ತಿನಲ್ಲಿ ತಡೆಯಲಾಗಲಿಲ್ಲ. "ನನ್ ಹೆಸರು ಯಾಕಕ್ಕಾ ಹೇಳ್ಲಿಲ್ಲ? ದೊಡ್ಡೋರು ಅನ್ನಿಸ್ಕೊಳ್ಳೋಕಾ?"

ಅಕ್ಕ ಮೊಣಕಾಲು ಒತ್ತಿಕೊಳ್ಳುತ್ತ ನಕ್ಕರು. "ಕಾಲು ಬಿದ್ದೋಗ್ತಾವೆ, ಇದ್ರಲ್ಲಿ ಯಾವ್ ದೊಡ್ಡಸ್ತಿಕೆನೇ! ನಂದಲ್ಲ ಅನ್ನೋದು ನನ್ ಮಾತು, ಹೇಳ್ದೆ. ನಂದು ಅನ್ನೋದು ನಿನ್ ಮಾತು. ಅದನ್ನ ನಾನ್ಯಾಕೆ ಕಿತ್ಕೊಳ್ಳಲಿ?"

"ಆ ಮೆಷಿನ್ ನಿಮ್ದಲ್ವಾ?"

"ನಂದೇ. ಅದಕ್ಕೇ ಬಿಡೋಕಾಯ್ತು. ಯೇಸುಸ್ವಾಮಿ ನಂಗೋಸ್ಕರ ಏನೇನೋ ಬಿಟ್ಟವ್ರೆ, ನಾನು ಒಂದು ಕುರ್ಚಿ ಬಿಡ್ಬಾರ್ದಾ? ದಿನಾ ಪ್ರಾರ್ಥನೆ ಮಾತ್ರ ನಿನ್ನ ಬೈಕೊಂಡೇ ಶುರು ಮಾಡ್ತೀನಿ ಬುಡು. ಮುಗಿಯೋ ಹೊತ್ಗೆ ಸರಿಹೋಗುತ್ತೆ."

ಮರುದಿನ ಸೂಪರ್‌ವೈಸರ್ ಮುಂದೆ ಒಪ್ಪಿಕೊಂಡೆ. ದಾರದ ಮೇಜು ನನ್ನ ಪಾಲಿಗೆ ಬಂತು. ಅಕ್ಕ ತಮ್ಮ ಕುರ್ಚಿಯಲ್ಲಿ ಕೂತು, "ಅಬ್ಬಾ, ಸೊಂಟ ಉಳೀತು!" ಎಂದರು. ಅವರಿಗೂ ಆ ಕುರ್ಚಿ ಎಷ್ಟು ಬೇಕಿತ್ತೆಂದು ನನಗೆ ತಿಳಿದದ್ದು ಆಗಲೇ.

ಸಂಜೆಯ ರೈಲಿನಲ್ಲಿ ಡೈರಿಯ ಕೊನೆಯ ಪುಟವನ್ನೂ ತೋರಿಸಿದೆ. ಬೆರಳಿಟ್ಟು ನೋಡಿದರು.

"ಇಷ್ಟ್ ಜನ ಬಂದಿದ್ರಾ? ಅದಕ್ಕೇ ನಾನ್ ಹೊಲಿಯೋ ಪೀಸ್ ಯಾವಾಗ್ಲೂ ಕಮ್ಮಿ! ಇದ್ರಲ್ಲಿ ನೀನ್ ಬಂದಿದ್ದೆಷ್ಟು?"

ಕೆಲಸವನ್ನೆಲ್ಲ ಅವರಿಂದಲೇ ಕಲಿತವಳು ನಾನು. ಅವರ ಸಾಲಿನಲ್ಲಿ ನನ್ನದೊಂದು ಗೀಟನ್ನೂ ಹಾಕಿರಲಿಲ್ಲ.

ಅಕ್ಕ ಆಮೇಲೆ ಕೆಲಸ ಬಿಟ್ಟು ಕುಣಿಗಲ್ ಕಡೆ, ಕೊತ್ತಗೆರೆಯ ಮಗಳ ಮನೆಗೆ ಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರು. ಮಣ್ಣಿಗೆ ಹೋದಾಗ ನನಗಿಂತ ಜೋರಾಗಿ ಅಳುವವರಿದ್ದರು, ಆಗಲೂ ಹೊಟ್ಟೆಕಿಚ್ಚಾಯಿತು. ಎಷ್ಟು ಜನ ಬಂದಿದ್ದರೆಂದು ಮಾತ್ರ ಎಣಿಸಲಿಲ್ಲ. ಮನೆಗೆ ಬಂದು ಆ ಹಳೆಯ ಡೈರಿ ತೆಗೆದು ಅಕ್ಕನ ಸಾಲಿನ ಕೊನೆಯಲ್ಲಿ ಒಂದೇ ಒಂದು ಗೀಟು ಹಾಕಿದೆ. ಅದು ನನ್ನದು.